ಸ್ಪಂಜಿಗೆ ಹೊಲಿದ ಹವಳ

ಅಮೆರಿಕಾದಾಗಿರೋ ನಮ್ಮಕ್ಕನ ಮಗ ಹವಳ ಇಟ್ಟಿರೋ ಉಪ್ಪುನೀರಿನ ಟ್ಯಾಂಕು ಹಾಲ್‌ನಿಂದ ಬಾಜೂ ಖೋಲಿಗೆ ಸರಸ್ಲಿಕ್ಕೆ ಒಂದಿಡೀ ದಿನ ತಗೊಂಡ. ಹಳೇ ನೀರು ಬಕೆಟ್ಟಿಗೆ ತುಂಬಿ, ಹವಳ ಅದರಾಗಿಟ್ಟು, ಗಾಳಿ ಪಂಪು ಹಚ್ಚಿ, ಏನ್ ಕೇಳ್ತೀರಿ! ವಿಡಿಯೋದಾಗ ನೋಡಿ ನಕ್ಕಿದ್ದೆ. ಆಮ್ಯಾಲೆ ಆನ್ನಾ ಥಿನ್ ಕಥಿ ಓದಿದೆ, ನಗು ನಿಂತಿತು.

ಅಕಿ ಗಂಡ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಚರ್ಚಿನ ಪಾದ್ರಿ. 1846ರಾಗ ಟಾರ್ಕೀ ಸಮುದ್ರದಂಡಿಗೆ ಹೋದಾಗ ಅಕಿಗೆ ಜೀವಂತ ಕಲ್ಲುಹವಳ ಸಿಕ್ಕವು. ಮನಿಗೆ ಒಯ್ಯೂದು ಹ್ಯಾಂಗ? ದಾರ್ಯಾಗ ಉರುಳಾಡಬಾರದಂತ ಸೂಜಿ-ದಾರ ತಗೊಂಡು ಅವನ್ನ ದೊಡ್ಡ ಸ್ಪಂಜಿಗೆ ಹೊಲದು, ಜಾಡಿಯೊಳಗ ಇಟ್ಟು ತಂದಳು! ಹೊಲಿಗಿ ಬಲ್ಲಾಕಿಗೇ ಇದು ಹೊಳೀಬೇಕ್ರಿ.

ಲಂಡನ್ನಿನಾಗ ಸಮುದ್ರದ ನೀರು ದಿನಾ ಎಲ್ಲಿಂದ ಬರಬೇಕು? ಇದ್ದ ನೀರನ್ನೇ ತೆರೆದ ಕಿಡಕಿ ಮುಂದ ಪಾತ್ರೆಯಿಂದ ಪಾತ್ರೆಗೆ ಅರ್ಧ-ಮುಕ್ಕಾಲು ತಾಸು ಸುರವೂದು, ನಾವು ಚಹಾ ಆರಸ್ತೀವಲ್ಲ ಹಂಗ. ಗಾಳಿ ಕೂಡಿ ನೀರು ಮತ್ತ ತಾಜಾ ಆಗ್ತಿತ್ತು. ಸುರಿಯಾಕಿ ಮನಿಗೆಲಸದ ಸಣ್ಣ ಹುಡುಗಿ. ಅಕಿಗೆ ಅದು ಆಟ ಅನಸ್ತಿತ್ತಂತ ಆನ್ನಾ ಬರದಾಳ. ದಿನಾ ಮುಕ್ಕಾಲು ತಾಸು ಆಟ? ತೋಳು ಸೋತಿರಲಿಲ್ಲೇನ ಪಾಪ! ಮುಂದ ಕಡಲಪಾಚಿನೂ ತರಿಸಿ ಹಾಕಿದಳು. ಹವಳ ವರ್ಷಗಟ್ಟಲೆ ಬದುಕಿದವು, ಮರಿನೂ ಹಾಕಿದವು.

1854ರಾಗ ಫಿಲಿಪ್ ಗಾಸ್ ಅನ್ನಾಂವ ‘ದಿ ಅಕ್ವೇರಿಯಂ’ ಪುಸ್ತಕ ತಂದ, ಆ ಶಬ್ದ ಎಲ್ಲಾರ ಬಾಯಾಗ ಬಂತು. ಆನ್ನಾನ ಬರಹ ಅಚ್ಚಾಗಿದ್ದು 1859ರಾಗ. ಅಷ್ಟೊತ್ತಿಗೆ ಹೆಸರೆಲ್ಲಾ ಗಾಸ್‌ಗ ಹೋಗಿತ್ತು.