ಪಶ್ಚಿಮ ಘಟ್ಟದ ಪ್ರಭೇದ ದತ್ತಾಂಶ: ತೆರೆದಿಡುವ ಹೊಣೆ, ತಡೆಹಿಡಿಯುವ ಕಾರಣ

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ದಕ್ಷಿಣ ಭಾರತದ ಕೆಲವು ಹೊಸ ಕಪ್ಪೆಗಳನ್ನು ವಿವರಿಸಿ ಪ್ರಬಂಧ ಪ್ರಕಟಿಸಿದರು. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಹೊತ್ತ ಕುಣಿಯುವ ಕಪ್ಪೆ, ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್, ಅವುಗಳಲ್ಲೊಂದು. ರಾವ್ ಆಧಾರವಾಗಿ ಇಟ್ಟುಕೊಂಡಿದ್ದ ಮೂಲಮಾದರಿಗಳು ಮುಂದೆ ಕಳೆದುಹೋದವು. ಉಳಿದದ್ದು ಮುದ್ರಿತ ವಿವರಣೆಯಷ್ಟೆ. ನೋಡಲು ಹೆಚ್ಚುಕಡಿಮೆ ಒಂದೇ ಬಗೆಯಾಗಿರುವ ಕಪ್ಪೆಗಳನ್ನು ವಿವರಣೆಯೊಂದರಿಂದಲೇ ಬೇರ್ಪಡಿಸಲಾಗದೆ, ರಾವ್ ಕೊಟ್ಟ ಹೆಸರುಗಳು ಯಾವ ಜೀವಿಗೆ ಸಲ್ಲಬೇಕೆಂಬ ಗೊಂದಲ ದಶಕಗಳ ಕಾಲ ಮುಂದುವರಿಯಿತು. ರಾವ್ ಸಾಮಾನ್ಯ ವಿದ್ವಾಂಸರಲ್ಲ. ‘ಕರೆಂಟ್ ಸೈನ್ಸ್’ ಪತ್ರಿಕೆಯ ಸ್ಥಾಪಕ ಸಂಪಾದಕರು ಅವರು. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವೋರ್ಕೆಸ್ಟಿಸ್ ಎಂದು ಅವರ ಹೆಸರನ್ನೇ ಇಡಲಾಯಿತು. ಕೊರತೆಯಿದ್ದದ್ದು ಅವರ ವಿದ್ವತ್ತಿನಲ್ಲಲ್ಲ, ಪುರಾವೆಯೆಲ್ಲ ಒಂದೇ ಕಡೆ ಉಳಿದುಬಿಟ್ಟ ವ್ಯವಸ್ಥೆಯಲ್ಲಿ.

ಆ ವ್ಯವಸ್ಥೆ ಇಂದಿಗೂ ಪೂರ್ತಿ ಬದಲಾಗಿಲ್ಲ. ಸಂಶೋಧಕರು ಕಾಡಿನಿಂದ ತಂದ ಪಟ್ಟಿಗಳು ಅವರವರ ಗಣಕಯಂತ್ರದಲ್ಲಿ, ಪಿಎಚ್.ಡಿ. ಪ್ರಬಂಧಗಳ ಅನುಬಂಧದಲ್ಲಿ ಉಳಿದುಹೋಗುತ್ತವೆ. ಪರಿಸರ ಪರಿಣಾಮ ವರದಿಗಳ ಪ್ರಭೇದ ಪಟ್ಟಿಗಳು ಪಿಡಿಎಫ್ ಪುಟಗಳ ಕೊನೆಯಲ್ಲಿ, ಎಲ್ಲಿ ಕಂಡದ್ದು, ಯಾವ ದಿನ ಕಂಡದ್ದು ಎಂಬ ವಿವರವೇ ಇಲ್ಲದೆ ಸೇರಿಕೊಂಡಿರುತ್ತವೆ. ತೆರೆದಿಡುವುದು ವಾಡಿಕೆಯಾಗಬೇಕು, ತಡೆಹಿಡಿಯುವುದಕ್ಕೆ ಲಿಖಿತ ಕಾರಣವಿರಬೇಕು ಎಂಬುದು ಈ ಲೇಖನದ ವಾದ. ನಮ್ಮಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಇದರ ತಿರುಗುಮುರುಗು.

ತೆರೆದಿಡುವುದೆಂದರೆ ಹೆಸರುಗಳ ಪಟ್ಟಿಯನ್ನು ಹೊರಹಾಕುವುದಲ್ಲ. 2011ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಇರುಳುಗಪ್ಪೆಗಳ ನಿಕ್ಟಿಬ್ಯಾಟ್ರಕಸ್ ಕುಲಕ್ಕೆ 12 ಹೊಸ ಪ್ರಭೇದಗಳನ್ನು ಸೇರಿಸಿದರು. 2014ರಲ್ಲಿ ಮೈಕ್ರಿಕ್ಸಾಲಸ್ ಕುಲಕ್ಕೆ 14 ಸೇರಿದವು. ಅದಕ್ಕೂ ಹಿಂದಿನ ಒಂದು ಸಮೀಕ್ಷೆಯಲ್ಲಿ ಬರಿಯ ಹೆಸರಷ್ಟೇ ಇದ್ದರೆ, ಅಲ್ಲಿ ಕಂಡದ್ದು ಈಗಿನ ಯಾವ ಪ್ರಭೇದವೆಂದು ಹೇಳುವ ದಾರಿಯೇ ಇಲ್ಲ. ಜೊತೆಗೆ ಒಂದು ಛಾಯಾಚಿತ್ರವೋ, ಕೂಗಿನ ಧ್ವನಿಮುದ್ರಣವೋ, ಸಂಗ್ರಹಾಲಯದ ಮಾದರಿ ಸಂಖ್ಯೆಯೋ ಇದ್ದಿದ್ದರೆ ಅದೇ ದಾಖಲೆಯನ್ನು ಇಂದು ಮರುಪರಿಶೀಲಿಸಬಹುದಿತ್ತು. ಸ್ಥಳದ ಮಾತೂ ಹೀಗೆಯೇ. ಹಳೆಯ ಹರ್ಬೇರಿಯಂ ಹಾಳೆಯ ಮೇಲೆ ‘ಕೊಡಗು’ ಎಂದಷ್ಟೇ ಬರೆದಿದ್ದರೆ ಅದು ಬ್ರಹ್ಮಗಿರಿಯ ಶೋಲಾ ಕಾಡೂ ಆಗಬಹುದು, ಕುಶಾಲನಗರದ ಬದಿಯ ಎಲೆಯುದುರುವ ಕಾಡೂ ಆಗಬಹುದು. ಈ ಕಾರಣಕ್ಕೇ ಡಾರ್ವಿನ್ ಕೋರ್ ಎಂಬ ದತ್ತಾಂಶ ಮಾನಕವು ಅಕ್ಷಾಂಶ ರೇಖಾಂಶಗಳ ಪಕ್ಕದಲ್ಲೇ ಅವು ಎಷ್ಟು ಮೀಟರ್ ಆಚೀಚೆ ಇರಬಹುದೆಂದು ಹೇಳುವ ಅಂಕಣವೊಂದನ್ನು ಇಟ್ಟಿದೆ. ತುಂಬುವವರು ಸಾಮಾನ್ಯವಾಗಿ ಖಾಲಿ ಬಿಡುವ ಅಂಕಣವೂ ಅದೇ. ಹತ್ತು ಕಿಲೊಮೀಟರ್ ಅನಿಶ್ಚಿತವಾದ ಬಿಂದುವನ್ನು ನಿಖರವೆಂದು ನಂಬಿ ಆವಾಸ ನಕ್ಷೆ ಮಾಡಿದರೆ, ಘಟ್ಟದಂಥ ಕಡಿದಾದ ಪ್ರದೇಶದಲ್ಲಿ ಒಂದು ಜೀವಿ ಸಾವಿರ ಮೀಟರ್ ಎತ್ತರ ತಪ್ಪಿ ಕೂರಬಹುದು.

ಸರಿಯಾಗಿ ತೆರೆದಿಟ್ಟದ್ದಕ್ಕೆ ನಮ್ಮಲ್ಲೇ ಒಳ್ಳೆಯ ಉದಾಹರಣೆಯಿದೆ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಬಿ. ಆರ್. ರಮೇಶ್ ಮತ್ತು ಸಂಗಡಿಗರು ಮಧ್ಯ ಪಶ್ಚಿಮ ಘಟ್ಟದ 96 ತಾಣಗಳಲ್ಲಿ ಮರಗಳನ್ನು ಅಳೆದು ಗುರುತಿಸಿದ ಮಾಹಿತಿಯನ್ನು 2010ರಲ್ಲಿ ‘ಇಕಾಲಜಿ’ ಪತ್ರಿಕೆಯ ಮೂಲಕ ದತ್ತಾಂಶ ಪ್ರಬಂಧವಾಗಿ ಬಿಡುಗಡೆ ಮಾಡಿದರು. ದತ್ತಾಂಶವೇ ಪ್ರಕಟಣೆ, ಅದನ್ನು ಬಳಸಿದವರು ಉಲ್ಲೇಖಿಸಬೇಕಾದದ್ದೂ ಅದನ್ನೇ. ರಾಜ್ಯ ಅರಣ್ಯ ಇಲಾಖೆಯ ಎಂ. ಎಚ್. ಸ್ವಾಮಿನಾಥ್ ಮತ್ತು ದಾಸಪ್ಪ ಇದರ ಸಹಲೇಖಕರು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗಿನಿಂದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೊಸ ಮರವನ್ನು 2000ದಲ್ಲಿ ವಿವರಿಸಿದವರೂ ಇವರಿಬ್ಬರೇ. ದತ್ತಾಂಶ ಕೊಟ್ಟುಬಿಟ್ಟರೆ ಶ್ರಮಕ್ಕೆ ಹೆಸರು ಸಿಗುವುದಿಲ್ಲ ಎಂಬ ಅಳುಕಿಗೆ ದತ್ತಾಂಶ ಪ್ರಬಂಧದ ಈ ಕ್ರಮ ತಕ್ಕ ಉತ್ತರ. ಕಾಡು ಸುತ್ತಿದವರ ಅಳುಕು ನ್ಯಾಯವಾದದ್ದೇ. ಆದರೆ ಪರಿಹಾರವಿರುವುದು ಉಲ್ಲೇಖದ ಶಿಸ್ತಿನಲ್ಲಿ, ಬೀಗದಲ್ಲಿ ಅಲ್ಲ. 2001ರಲ್ಲಿ ಆರಂಭವಾಗಿ ಕೋಪನ್‌ಹೇಗನ್‌ನಿಂದ ನಡೆಯುವ ಜಾಗತಿಕ ಜಾಲ ಜಿಬಿಫ್ ಕೂಡ ಪ್ರತಿ ದತ್ತಾಂಶ ಗುಚ್ಛಕ್ಕೂ, ಪ್ರತಿ ಡೌನ್‌ಲೋಡ್‌ಗೂ ಸ್ಥಿರ ಗುರುತುಸಂಖ್ಯೆ ಕೊಡುತ್ತದೆ.

ತೆರೆದ ದತ್ತಾಂಶ ಒಟ್ಟಾಗಿ ಏನು ಹೇಳಬಲ್ಲದು ಎಂಬುದನ್ನು ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ತೋರಿಸಿಕೊಟ್ಟಿತು. 2023ರ ಆವೃತ್ತಿ ಸುಮಾರು 30,000 ಪಕ್ಷಿವೀಕ್ಷಕರು ಇ-ಬರ್ಡ್ ಜಾಲತಾಣಕ್ಕೆ ಕೊಟ್ಟ 3 ಕೋಟಿ ವೀಕ್ಷಣೆಗಳನ್ನು ಆಧರಿಸಿ 942 ಪ್ರಭೇದಗಳನ್ನು ಪರಿಶೀಲಿಸಿ, 178 ಪ್ರಭೇದಗಳಿಗೆ ಸಂರಕ್ಷಣೆಯಲ್ಲಿ ಹೆಚ್ಚಿನ ಆದ್ಯತೆ ಬೇಕೆಂದಿತು. ಇಷ್ಟು ದೊಡ್ಡ ಸಮೀಕ್ಷೆಯನ್ನು ಯಾವ ಒಂದು ಸಂಸ್ಥೆಯೂ ತನ್ನ ಸಿಬ್ಬಂದಿಯಿಂದ ಮಾಡಿಸಲಾರದು.

ಇನ್ನು ಅಪಾಯದ ಪ್ರಶ್ನೆ. ಇದನ್ನು ಹಗುರವಾಗಿ ಕಾಣುವಂತಿಲ್ಲ. ದಕ್ಷಿಣ ಚೀನಾದ ಗೋನಿಯುರೊಸಾರಸ್ ಲೂಯಿ ಎಂಬ ಹಲ್ಲಿಯನ್ನು 1999ರಲ್ಲಿ ವಿವರಿಸಿದ ಮೇಲೆ ಸಾಕುಪ್ರಾಣಿ ವ್ಯಾಪಾರಕ್ಕಾಗಿ ಹಿಡಿಯುವವರು ಮುಗಿಬಿದ್ದು, ಮೂಲನೆಲೆಯಿಂದ ಅದು ಇಲ್ಲವಾಯಿತು. 2017ರಲ್ಲಿ ಡೇವಿಡ್ ಲಿಂಡನ್‌ಮೇಯರ್ ಮತ್ತು ಬೆನ್ ಶೀಲೆ ‘ಸೈನ್ಸ್’ ಪತ್ರಿಕೆಯಲ್ಲಿ, ಇಂಥ ಜೀವಿಗಳ ನೆಲೆಯನ್ನು ಪ್ರಕಟಿಸಬೇಡಿ ಎಂದೇ ಬರೆದರು. ಪ್ರಕಟಿಸಿ, ಆದರೆ ಹೊಣೆಯರಿತು ಪ್ರಕಟಿಸಿ ಎಂಬ ಮರುವಾದವೂ ಅದೇ ಪತ್ರಿಕೆಯಲ್ಲಿ ಬಂತು. ನನ್ನ ಒಲವು ಮರುವಾದದ ಕಡೆಗೆ. ಬೇಟೆಗಾರರಿಗೂ ಗಿಡಮೂಲಿಕೆ ಕಳ್ಳಸಾಗಣೆದಾರರಿಗೂ ಸ್ಥಳೀಯ ಮಾಹಿತಿ ಹೇಗೋ ಸಿಗುತ್ತದೆ. ಬಚ್ಚಿಟ್ಟ ದಾಖಲೆಯಿಂದ ಕುರುಡಾಗುವುದು ರಸ್ತೆಯ, ಅಣೆಕಟ್ಟಿನ, ಗಣಿಯ ಯೋಜನೆಯನ್ನು ಪ್ರಶ್ನಿಸಬೇಕಾದ ನಾಗರಿಕರೇ. ದಾಖಲೆಯೇ ಇಲ್ಲದ ಕಾಡು ಕಡತದಲ್ಲಿ ಬರಿಯ ನೆಲವಾಗಿಬಿಡುತ್ತದೆ. ಅಪಾಯದಲ್ಲಿರುವ ಜೀವಿಯ ಬಿಂದುವನ್ನು ಮಸುಕುಗೊಳಿಸುವ ದಾರಿಯಿದೆ: ಜೀವಿವೀಕ್ಷಣೆಗಳನ್ನು ಹಂಚಿಕೊಳ್ಳುವ ಜಾಲತಾಣ ಐನ್ಯಾಚುರಲಿಸ್ಟ್ ಅದನ್ನು ಅಕ್ಷಾಂಶ ರೇಖಾಂಶಗಳ 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದೆಡೆಗೆ ಸರಿಸಿ ತೋರಿಸುತ್ತದೆ, ಇ-ಬರ್ಡ್ ಸೂಕ್ಷ್ಮ ಪಕ್ಷಿಗಳ ನೆಲೆಯನ್ನು ಮರೆಮಾಡುತ್ತದೆ. ಮಸುಕುಗೊಳಿಸಿರುವುದನ್ನು ದಾಖಲೆಯಲ್ಲೇ ಹೇಳಬೇಕು, ನಿಖರ ಬಿಂದುವನ್ನು ಜವಾಬ್ದಾರಿಯುತ ಭಂಡಾರದಲ್ಲಿ ಕಾಪಿಡಬೇಕು.

ಜನರ ಜ್ಞಾನದ ವಿಷಯ ಬೇರೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಗಳನ್ನು ಸಿದ್ಧಪಡಿಸುತ್ತವೆ. ಈ ಕಲ್ಪನೆಗೆ ರೂಪ ಕೊಟ್ಟವರಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಪ್ರಮುಖರು. ಹಳ್ಳಿಯ ಕೆರೆಯಲ್ಲಿ ಯಾವ ಮೀನಿದೆ ಎಂಬುದು ವೀಕ್ಷಣೆ. ಯಾವ ಬೇರನ್ನು ಯಾವ ಕಾಯಿಲೆಗೆ ಹೇಗೆ ಅರೆದು ಕೊಡಬೇಕೆಂಬುದು ಸಮುದಾಯದ ಜ್ಞಾನ. ಮೊದಲನೆಯದನ್ನು ತೆರೆದಿಡಬಹುದು, ಎರಡನೆಯದನ್ನು ಆ ಜನರ ಒಪ್ಪಿಗೆಯಿಲ್ಲದೆ ಯಾವ ಸಂಶೋಧಕನೂ ಜಾಲಕ್ಕೆ ಏರಿಸಕೂಡದು. ಈ ದಾಖಲಾತಿಗಳಲ್ಲಿ ಎರಡನ್ನೂ ಒಂದೇ ಕಡತದಲ್ಲಿ ಕಲಸಿಟ್ಟಿರುವುದರಿಂದಲೇ ಮೀನಿನ ಪಟ್ಟಿಯೂ ಕಪಾಟಿನಲ್ಲಿ ಉಳಿದಿದೆ.

ಸಾರ್ವಜನಿಕ ಹಣದಿಂದ ಕಲೆಹಾಕಿದ ಮಾಹಿತಿಯನ್ನು ಹಂಚಿಕೊಳ್ಳಬೇಕೆನ್ನುವ ರಾಷ್ಟ್ರೀಯ ನೀತಿ 2012ರಿಂದಲೇ ಇದೆ. ಅಂಥ ಮಾಹಿತಿಯನ್ನು ಸೇರಿಸಬಹುದಾದ ಜಾಲತಾಣ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ 2008ರಿಂದ ತೆರೆದಿದೆ. ಆದ್ದರಿಂದ ವಿಶ್ವವಿದ್ಯಾಲಯಗಳು ಇಷ್ಟನ್ನು ಕೂಡಲೇ ಮಾಡಬಹುದು: ಜೀವಿಸಮೀಕ್ಷೆ ನಡೆಸಿದ ಪಿಎಚ್.ಡಿ. ಪ್ರಬಂಧವನ್ನು ಅಂಗೀಕರಿಸುವ ಮುನ್ನ ಅದರ ದತ್ತಾಂಶ ಮುಕ್ತ ಭಂಡಾರದಲ್ಲಿ ಸೇರಿದೆಯೇ ಎಂದು ಕೇಳಲಿ. ತಡೆಹಿಡಿದಿದ್ದರೆ ಯಾವ ಪ್ರಭೇದಕ್ಕೆ, ಯಾವ ಕಾರಣಕ್ಕೆ, ಎಷ್ಟು ಕಾಲಕ್ಕೆ ಎಂದು ಬರೆಸಿಕೊಳ್ಳಲಿ. ಬಡ್ತಿ ಸಮಿತಿಗಳು ದತ್ತಾಂಶ ಪ್ರಬಂಧವನ್ನು ಪೂರ್ಣ ಪ್ರಬಂಧವೆಂದೇ ಎಣಿಸಲಿ.