ಹಸುವಿಗೆ ಸಕ್ಕರೆ: ಉಣ್ಣುವವರು ಯಾರು?

ಬೆಲ್ಲ ಅಥವಾ ಕಾಕಂಬಿ ತಿಂದ ಹಸುವಿನ ಹಾಲು ಹೆಚ್ಚು ಸಿಹಿಯಾಗುತ್ತದೆಯೆ? ಹಾಲಿನ ಪ್ರಮಾಣವಾದರೂ ಹೆಚ್ಚುತ್ತದೆಯೆ? ಮೊದಲ ಪ್ರಶ್ನೆಗೆ ಉತ್ತರ ‘ಇಲ್ಲ’. ಎರಡನೆಯದಕ್ಕೆ ‘ಹೆಚ್ಚಬಹುದು, ಆದರೆ ಮಿತಿಯಲ್ಲಿ ಕೊಟ್ಟರೆ’ ಎನ್ನಬೇಕು. ಆ ಮಿತಿ ಏಕೆ ಎಂಬುದನ್ನು ತಿಳಿಯಲು ವಿಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ನೀವು ತಿಂದ ಸಕ್ಕರೆ ಸಣ್ಣ ಕರುಳಿನಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ಹಸುವಿನಲ್ಲಿ ಹಾಗಲ್ಲ. ಅದು ತಿಂದದ್ದೆಲ್ಲ ಮೊದಲು ‘ರೂಮೆನ್’ ಎಂಬ ದೊಡ್ಡ ಚೀಲಕ್ಕೆ ಹೋಗುತ್ತದೆ. ದೊಡ್ಡ ಹಸುವಿನಲ್ಲಿ ಈ ಚೀಲದ ಗಾತ್ರ ನೂರು ಲೀಟರಿಗೂ ಹೆಚ್ಚು. ಅಲ್ಲಿನ ದ್ರವದ ಒಂದೊಂದು ಮಿಲಿಲೀಟರಿನಲ್ಲೂ ಸುಮಾರು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಸಕ್ಕರೆ ಕಂಡೊಡನೆ ಮುಗಿಬೀಳುವುದು ಇವೇ.

1891ರಲ್ಲಿ ಜರ್ಮನಿಯ ನಾಥನ್ ಝುಂಟ್ಸ್ ಒಂದು ಊಹೆಯನ್ನು ಮುಂದಿಟ್ಟರು: ಈ ಸೂಕ್ಷ್ಮಜೀವಿಗಳು ಪ್ರೋಟೀನ್ ಅಲ್ಲದ ಸರಳ ನೈಟ್ರೊಜನ್ ಸಂಯುಕ್ತಗಳನ್ನೂ ಬಳಸಿಕೊಂಡು ಪ್ರೋಟೀನ್ ತಯಾರಿಸಬಲ್ಲವು. 1944ರಲ್ಲಿ ಕೇಂಬ್ರಿಡ್ಜ್‌ನ ಜೋಸೆಫ್ ಬಾರ್‌ಕ್ರಾಫ್ಟ್ ಮತ್ತು ಸಂಗಡಿಗರು ಕುರಿಗಳ ರೂಮೆನ್‌ನಿಂದ ಹೊರಬರುವ ರಕ್ತವನ್ನು ಪರೀಕ್ಷಿಸಿದರು. ಅದರಲ್ಲಿ ಹುದುಗುವಿಕೆಯಿಂದ ಹುಟ್ಟಿದ ಆಮ್ಲಗಳು ಹೇರಳವಾಗಿದ್ದವು. ಅಸಿಟಿಕ್, ಪ್ರೊಪಿಯೋನಿಕ್ ಮತ್ತು ಬ್ಯುಟಿರಿಕ್ ಆಮ್ಲಗಳೇ ಮೆಲುಕು ಹಾಕುವ ಪ್ರಾಣಿಗಳ ಮುಖ್ಯ ಇಂಧನವೆಂಬುದು ಕ್ರಮೇಣ ಸ್ಪಷ್ಟವಾಯಿತು. 1949ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಸ್ಲಿ ಮತ್ತು ಸಹೋದ್ಯೋಗಿಗಳು ನೈಟ್ರೊಜನ್‌ಗಾಗಿ ಯೂರಿಯಾ ಒಂದನ್ನೇ ಕೊಟ್ಟು ಕುರಿಗಳನ್ನು ಸಾಕಿದರು. ಅಗತ್ಯ ಅಮೈನೊ ಆಮ್ಲಗಳು ರೂಮೆನ್‌ನಲ್ಲೇ ತಯಾರಾಗುವುದನ್ನು ತೋರಿಸಿ ಝುಂಟ್ಸ್‌ರ ಊಹೆಗೆ ಬಲ ತಂದರು.

ಇದಕ್ಕಿಂತ ಬೆರಗಿನ ಪ್ರಯೋಗ ನಡೆದದ್ದು ಫಿನ್‌ಲೆಂಡಿನಲ್ಲಿ. 1945ರ ನೊಬೆಲ್ ಪುರಸ್ಕೃತ ರಸಾಯನವಿಜ್ಞಾನಿ ಆರ್ಟುರಿ ವಿರ್ಟಾನೆನ್ 1960ರ ದಶಕದಲ್ಲಿ ಕೆಲವು ಹಸುಗಳಿಗೆ ಪ್ರೋಟೀನನ್ನೇ ಕೊಡಲಿಲ್ಲ. ಶುದ್ಧೀಕರಿಸಿದ ಸೆಲ್ಯುಲೋಸ್, ಪಿಷ್ಟ, ಸಕ್ಕರೆ, ಯೂರಿಯಾ, ಅಮೋನಿಯಂ ಲವಣ, ಜೊತೆಗೆ ಖನಿಜ ಮತ್ತು ವಿಟಮಿನ್ – ಇಷ್ಟೇ ಮೇವು. ಹಸುಗಳು ಹಾಲು ಕೊಟ್ಟವು! ಉತ್ತಮ ಹಸುವಿನ ಇಳುವರಿ ವರ್ಷಕ್ಕೆ ನಾಲ್ಕು ಸಾವಿರ ಕಿಲೋಗ್ರಾಂ ಮುಟ್ಟಿತು. 1966ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು. ಸಕ್ಕರೆ ಹಸುವಿನ ಆಹಾರವಲ್ಲ, ಹಸುವಿನೊಳಗಿನ ಸೂಕ್ಷ್ಮಜೀವಿಗಳ ಆಹಾರ ಎಂಬುದಕ್ಕೆ ಇನ್ನೇನು ಪುರಾವೆ ಬೇಕು?

ಹಾಗಾದರೆ ಹಾಲಿನ ಸಿಹಿ ಎಲ್ಲಿಂದ ಬಂತು? ಪ್ರೊಪಿಯೋನಿಕ್ ಆಮ್ಲದಿಂದ ಯಕೃತ್ತು ಗ್ಲೂಕೋಸ್ ತಯಾರಿಸುತ್ತದೆ. ಕೆಚ್ಚಲು ಅದನ್ನು ಲ್ಯಾಕ್ಟೋಸ್ ಆಗಿ ಮಾರ್ಪಡಿಸುತ್ತದೆ. ಇಲ್ಲಿ ಭೌತವಿಜ್ಞಾನದ ಒಂದು ನಿಯಮ ಕೆಲಸಮಾಡುತ್ತದೆ. ಲ್ಯಾಕ್ಟೋಸ್ ಹೆಚ್ಚಿದಂತೆ ಪರಾಸರಣದಿಂದ ನೀರೂ ಕೆಚ್ಚಲಿನ ಕೋಶಗಳಿಂದ ಹಾಲಿಗೆ ಹರಿದುಬರುತ್ತದೆ. ಆದ್ದರಿಂದ ಲ್ಯಾಕ್ಟೋಸ್‌ನ ಸಾಂದ್ರತೆ ಶೇ. 4.8ರ ಆಸುಪಾಸಿನಲ್ಲೇ ಉಳಿದು, ಹಾಲಿನ ಪ್ರಮಾಣ ಹೆಚ್ಚುತ್ತದೆ. ಸಿಹಿ ಹೆಚ್ಚುವುದಿಲ್ಲ.

ಈ ಅರಿವು ನಮ್ಮ ಹಳ್ಳಿಗಳಿಗೂ ತಲುಪಿತು. ಭತ್ತದ ಹುಲ್ಲು, ರಾಗಿಹುಲ್ಲುಗಳಲ್ಲಿ ನಾರು ಹೆಚ್ಚು, ನೈಟ್ರೊಜನ್ ಕಡಿಮೆ. ಆ ನಾರನ್ನು ಕರಗಿಸುವ ಬ್ಯಾಕ್ಟೀರಿಯಾಗಳಿಗೆ ನೈಟ್ರೊಜನ್ ಮತ್ತು ಬೇಗ ಒದಗುವ ಶಕ್ತಿ ಒಟ್ಟಿಗೆ ಸಿಗಬೇಕು. 1980ರ ದಶಕದಲ್ಲಿ ಆನಂದ್‌ನ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಕಾಕಂಬಿ, ಯೂರಿಯಾ, ಖನಿಜ ಮತ್ತು ಉಪ್ಪನ್ನು ಸೇರಿಸಿ ನೆಕ್ಕುವ ಇಟ್ಟಿಗೆಗಳನ್ನು ತಯಾರಿಸಿತು. ಸಕ್ಕರೆ ಕಾರ್ಖಾನೆಯ ಉಪೋತ್ಪನ್ನವೊಂದು ಒಣಹುಲ್ಲನ್ನು ಹಾಲಾಗಿಸಲು ನೆರವಾಯಿತು. ಇಟ್ಟಿಗೆಯನ್ನು ಗಟ್ಟಿಯಾಗಿ ಮಾಡಿದ್ದಕ್ಕೂ ಕಾರಣವಿದೆ. ಹಸು ಅದನ್ನು ಕಚ್ಚಿ ತಿನ್ನಲಾರದು, ನೆಕ್ಕಬಲ್ಲದು. ಹೀಗಾಗಿ ಸಕ್ಕರೆಯೂ ಯೂರಿಯಾವೂ ಸ್ವಲ್ಪಸ್ವಲ್ಪವಾಗಿ ಒಳಸೇರುತ್ತವೆ.

ಒಮ್ಮೆಗೇ ಸೇರಿದರೆ? ಮದುವೆ, ಹಬ್ಬಗಳಲ್ಲಿ ಉಳಿದ ಅನ್ನ ಪಾಯಸಗಳನ್ನು ತಿಂದು ದನ ಸಾಯುವುದನ್ನು ನೀವು ಕೇಳಿರಬಹುದು. ಬೇಗ ಹುದುಗುವ ಆಹಾರ ಅತಿಯಾದಾಗ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು ವಿಪರೀತ ಬೆಳೆಯುತ್ತವೆ. ಸಾಮಾನ್ಯವಾಗಿ 6ರಿಂದ 7ರವರೆಗಿರುವ ಪಿಎಚ್ 5ಕ್ಕಿಂತ ಕೆಳಗೂ ಇಳಿಯಬಹುದು. ಪಿಎಚ್ ಒಂದು ಅಂಕ ಇಳಿಯಿತೆಂದರೆ ಹೈಡ್ರೊಜನ್ ಅಯಾನುಗಳ ಸಾಂದ್ರತೆ ಹತ್ತು ಪಟ್ಟಾಯಿತೆಂದು ಅರ್ಥ. ನಾರು ಕರಗಿಸುವ ಬ್ಯಾಕ್ಟೀರಿಯಾಗಳು ಅಲ್ಲಿ ಬದುಕಲಾರವು. ಹಸು ಮೇವು ಬಿಡುತ್ತದೆ, ಪ್ರಾಣವನ್ನೂ ಕಳೆದುಕೊಳ್ಳಬಹುದು.

ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ಈ ಮಿತಿಯನ್ನೇ ಸೂಚಿಸಿದವು. ಹೆಚ್ಚು ಹಾಲು ಕೊಡುವ ಹಸುಗಳ ಮೇವಿನ ಒಣ ತೂಕದಲ್ಲಿ ಒಟ್ಟು ಸಕ್ಕರೆ ಸುಮಾರು ಶೇ. 5 ಇದ್ದಾಗ ಫಲಿತಾಂಶ ಚೆನ್ನಾಗಿತ್ತು. ಶೇ. 6 ದಾಟಿದಾಗ ಹಾಲು ಕುಸಿಯುವ ಲಕ್ಷಣ ಕಂಡಿತು.

ನೀವು ಹಸು ಸಾಕುವವರಾದರೆ ಬೆಲ್ಲವನ್ನಾಗಲೀ ಕಾಕಂಬಿಯನ್ನಾಗಲೀ ಒಮ್ಮೆಗೇ ಸುರಿಯಬೇಡಿ. ಯೂರಿಯಾವನ್ನು ನೀರಿನಲ್ಲಿ ಕದಡಿ ಕುಡಿಸಲೇಬೇಡಿ, ಅದು ವಿಷವಾಗುತ್ತದೆ. ಆರು ತಿಂಗಳೊಳಗಿನ ಕರುಗಳನ್ನು ಯೂರಿಯಾ ಇರುವ ಇಟ್ಟಿಗೆಯಿಂದ ದೂರವಿಡಿ. ಪ್ರಮಾಣವನ್ನು ಪಶುವೈದ್ಯರನ್ನು ಕೇಳಿ ನಿರ್ಧರಿಸಿ. ಕೊಟ್ಟಿಗೆಯಲ್ಲಿ ನೀವು ಮೇವು ಹಾಕುವುದು ಒಂದು ಹಸುವಿಗಷ್ಟೇ ಅಲ್ಲ, ಅದರ ಹೊಟ್ಟೆಯಲ್ಲಿರುವ ಕೋಟ್ಯಂತರ ಜೀವಿಗಳಿಗೂ. ಅವು ಅರಗಿಸಿಕೊಳ್ಳುವಷ್ಟನ್ನು ಮಾತ್ರ ಬಡಿಸಿದರೆ ಹಸು ಉಳಿಯುತ್ತದೆ, ಹಾಲೂ ಸಿಗುತ್ತದೆ.