ಹತ್ತಡಿ ಕೆಳಗಿನ ಸಾಕ್ಷಿ

ಹುಣಸೂರಿನಲ್ಲಿ ಮೈಸೂರು–ಮಡಿಕೇರಿ ರಸ್ತೆ ಬದಿಯ ಖಾಲಿ ನಿವೇಶನ ಕೊಳ್ಳಹೊರಟ ಪರಿಚಿತರೊಬ್ಬರು ಕೇಳಿದರು: "ಇಲ್ಲಿ ಹಿಂದೆ ಪೆಟ್ರೋಲ್ ಬಂಕ್ ಇತ್ತಂತೆ. ಬೋರ್ ಕೊರೆಸಿದ್ರೆ ನೀರು ಕುಡೀಬಹುದಾ?" 'ಇತ್ತಂತೆ' ಎಂಬುದು ಸಾಕ್ಷಿಯಲ್ಲ. ಹಾಗಾಗಿ ಕಾಗದಗಳಿಂದ ಶುರುಮಾಡಿದೆ.

ಪಹಣಿ ಒಡೆಯನ ಹೆಸರು, ವಿಸ್ತೀರ್ಣ, ಬೆಳೆ ಹೇಳುತ್ತದೆ. ನೆಲದಡಿಯ ಟ್ಯಾಂಕ್ ಅದರ ವಿಷಯವಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಭೂಪರಿವರ್ತನೆ ಆದೇಶ ಸಿಕ್ಕರೆ, ಅದು ಅನುಮತಿ ಪಡೆದದ್ದಕ್ಕೆ ದಾಖಲೆ, ಬಂಕ್ ಕಟ್ಟಿದ್ದಕ್ಕಲ್ಲ. ಟ್ಯಾಂಕ್ ಎಲ್ಲಿತ್ತೆಂದು ತೋರಿಸಬಲ್ಲದ್ದು ಪೆಟ್ರೋಲಿಯಂ ಕಾಯ್ದೆಯಡಿ ಸ್ಫೋಟಕ ಇಲಾಖೆ ಕೊಟ್ಟ ಲೈಸೆನ್ಸಿನ ನಕ್ಷೆ. ಅಲ್ಲೂ ಒಂದು ತೊಡಕಿದೆ. 1974ರಲ್ಲಿ ಎಸ್ಸೋ, 1976ರಲ್ಲಿ ಬರ್ಮಾ ಶೆಲ್ ತೈಲ ಕಂಪನಿಗಳು ಸರ್ಕಾರದ ಕೈಗೆ ಬಂದು ಹೆಸರು ಬದಲಾದವು. ಒಂದೇ ಬಂಕನ್ನು ಎರಡೆಂದು ಎಣಿಸುವುದು ಸುಲಭ. ನಕ್ಷೆ ಸಿಕ್ಕರೂ ಟ್ಯಾಂಕ್ ಸೋರಿತೇ ಎಂಬುದು ತಿಳಿಯದು. ಟ್ಯಾಂಕುಗಳು ಅರ್ಜಿ ಹಾಕಿ ಸೋರುವುದಿಲ್ಲ.

ಉಳಿದ ಕಡತ ಮಣ್ಣು. ಅದನ್ನು ಓದುವುದೂ ಸಲೀಸಲ್ಲ. ಪೆಟ್ರೋಲಿನ ಬೆಂಜೀನ್ ಆವಿಯಾಗುತ್ತದೆ, ಸೂಕ್ಷ್ಮಜೀವಿಗಳಿಗೂ ಆಹಾರವಾಗುತ್ತದೆ. ಮಣ್ಣನ್ನು ಸಾಮಾನ್ಯ ಪ್ಲಾಸ್ಟಿಕ್ ಕವರಿನಲ್ಲಿ ಒಯ್ದರೆ ದಾರಿಯಲ್ಲೇ ಹಾರಿಹೋದೀತು. ಬಿಗಿ ಮುಚ್ಚಳದ ಗಾಜಿನ ಬಾಟಲಿ, ಐಸ್ ಪೆಟ್ಟಿಗೆ ಬೇಕು. ವರದಿಯಲ್ಲಿ ಬೆಂಜೀನ್ 'ಇಲ್ಲ' ಎಂದರೆ ಈಗ ಇಲ್ಲ ಎಂದಷ್ಟೇ, ಎಂದೂ ಇರಲಿಲ್ಲ ಎಂದಲ್ಲ.

ದಾರಿ ತೋರಿಸಿದ್ದು ಹಿಂದೆ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ. ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಕಡ್ಡಾಯವಾದದ್ದು 2000ದ ಫೆಬ್ರವರಿ 1ರಿಂದ. ಅದಕ್ಕೂ ಹಿಂದಿನ ಪೆಟ್ರೋಲ್ ಸೋರಿದ್ದರೆ ಸೀಸ ಮಣ್ಣಿಗೆ ಅಂಟಿಕೊಂಡು ಉಳಿದಿರಬೇಕು. ಆದರೆ ದಶಕಗಳ ಕಾಲ ಬಸ್ಸು, ಕಾರು ಓಡಿದ ಹೆದ್ದಾರಿಯ ಬದಿಯ ಮಣ್ಣಿನಲ್ಲಿ ಕಾರುಗಳ ಹೊಗೆಯ ಸೀಸವೂ ಇರುತ್ತದಲ್ಲ?

ಇದಕ್ಕೆ ಉತ್ತರ ಆಳದಲ್ಲಿದೆ. ಹೊಗೆಯ ಸೀಸ ಹೆಚ್ಚಾಗಿ ಮೇಲ್ಪದರದಲ್ಲೇ ನಿಲ್ಲುತ್ತದೆ. ಟ್ಯಾಂಕಿನ ತಳವೋ ಸುಮಾರು ಹತ್ತಡಿ ಕೆಳಗೆ. ಮೇಲೆ ಕಡಿಮೆಯಿದ್ದು ತಳದಲ್ಲಿ ಸೀಸ ಏರಿದ್ದರೆ, ಪಕ್ಕದ ಹೊಲದ ಅದೇ ಆಳದ ಮಣ್ಣಿನಲ್ಲಿ ಅಷ್ಟಿಲ್ಲದಿದ್ದರೆ, ಸೋರಿಕೆಯ ಅನುಮಾನ ಗಟ್ಟಿಯಾಗುತ್ತದೆ. ಆದರೂ ಇದು ಪೂರ್ಣ ಸಾಕ್ಷಿಯಲ್ಲ: ಡೀಸೆಲಿಗೆ ಸೀಸ ಬೆರೆಸುತ್ತಿರಲಿಲ್ಲ. ಡೀಸೆಲ್ ಸೋರಿಕೆ ಗುರುತಿಸಲು ಗ್ಯಾಸ್ ಕ್ರೊಮ್ಯಾಟೊಗ್ರಫಿ ಎಂಬ ಪರೀಕ್ಷೆ ಬೇಕು; ಪೆಟ್ರೋಲಿನ ಹಗುರ ಅಣುಗಳನ್ನೂ ಡೀಸೆಲಿನ ಭಾರದ ಅಣುಗಳನ್ನೂ ಅದು ಬೇರ್ಪಡಿಸಿ ತೋರಿಸುತ್ತದೆ.

ಇನ್ನು ನೀರಿನ ಮಾತು. ಈ ಸೀಮೆಯಲ್ಲಿ ಕೆಂಪು ಮಣ್ಣಿನ ಕೆಳಗೆ ಗಟ್ಟಿ ಬಂಡೆ. ನೀರು ಅದರ ಬಿರುಕುಗಳಲ್ಲಿ ಹರಿಯುತ್ತದೆ. ಟ್ಯಾಂಕಿನ ಪಕ್ಕದ ಬೋರು ಶುದ್ಧವಾಗಿದ್ದು, ದೂರದ್ದು ಕೆಟ್ಟಿರಬಹುದು. ಹಾಗಾಗಿ ಮಣ್ಣಿನ ವರದಿ ನೀರಿನ ವರದಿಯಾಗದು.

ಪರಿಚಿತರಿಗೆ ಹೇಳಿದ್ದು ಇಷ್ಟೇ: ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನ ನಕ್ಷೆ ಹುಡುಕಿಸಿ, ಹತ್ತಡಿಯ ಕೆಳಗಿನ ಮಣ್ಣು ಪರೀಕ್ಷಿಸಿ, ನೀರನ್ನು ಬೇರೆಯಾಗಿ ನೋಡಿ. ಯಾರಾದರೂ 'ಏನೂ ಸಿಗಲಿಲ್ಲ' ಎಂದರೆ, ಎಷ್ಟು ಆಳದಲ್ಲಿ ಹುಡುಕಿದಿರಿ ಎಂದು ಕೇಳಿ.